ನೈದಿಲೆ ಮತ್ತು ಕ್ಯಾರೆಟ್: ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನೈದಿಲೆಯ ತೊಟ್ಟಿಯನ್ನೂ ತರಕಾರಿ ಮಡಿಯನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬೇರು ತರಕಾರಿಗಳಲ್ಲಿ ಗಜ್ಜರಿ ಎಂದೂ ಕರೆಯುವ ಕ್ಯಾರೆಟ್ಟನ್ನು ಮುಖ್ಯವಾಗಿ ಆರಿಸಿಕೊಂಡಿದ್ದೇನೆ. ಮೂಲಂಗಿ, ಬೀಟ್‌ರೂಟ್‌ಗಳ ಅಗತ್ಯ ಬೇರೆಯಾಗಿರುವ ಕಡೆ ಅದನ್ನು ಅಲ್ಲಲ್ಲಿಯೇ ಹೇಳಿದ್ದೇನೆ.

ಒಂದು ನೀರಿನ ಹೂವು, ಇನ್ನೊಂದು ಮಣ್ಣಿನ ತರಕಾರಿ. ಇವೆರಡನ್ನು ಹೋಲಿಸಿ ನೋಡುವುದರಿಂದ ಏನು ಪ್ರಯೋಜನ?

ಇಬ್ಬರಿಗೂ ಬೇಕಾದುದು ಬಹುಮಟ್ಟಿಗೆ ಒಂದೇ: ಧಾರಾಳವಾದ ಬಿಸಿಲು, ಬೇರಿಗೆ ಗಾಳಿ, ಹದವಾದ ಪೋಷಣೆ. ಆದರೆ ಬೇರಿಗೆ ಗಾಳಿ ತಲುಪುವ ದಾರಿ ಮಾತ್ರ ಎರಡರಲ್ಲೂ ಸಂಪೂರ್ಣ ಬೇರೆ. ನೈದಿಲೆಯ ಬೇರಿಗೆ ಗಾಳಿ ಎಲೆಯ ಮೂಲಕ ಮೇಲಿನಿಂದ ಇಳಿಯುತ್ತದೆ. ಕ್ಯಾರೆಟ್ಟಿನ ಬೇರಿಗೆ ಅದು ಸುತ್ತಲಿನ ಮಣ್ಣಿನ ಸಂದುಗಳಿಂದಲೇ ಸಿಗಬೇಕು. ಯಾವ ಮಣ್ಣು, ಎಷ್ಟು ನೀರು, ಎಂಥ ಕುಂಡ, ಗೊಬ್ಬರವನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ವ್ಯತ್ಯಾಸದಿಂದಲೇ ಹೊರಡುತ್ತದೆ. ಇದನ್ನು ತಿಳಿದುಕೊಂಡವರು ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೈದಿಲೆ ವರ್ಷವಿಡೀ ಕೆಸರಿನಲ್ಲಿದ್ದರೂ ಕೊಳೆಯುವುದಿಲ್ಲ. ಕ್ಯಾರೆಟ್ ಮಡಿಯಲ್ಲಿ ಕೆಲವು ದಿನ ನೀರು ನಿಂತರೂ ಕೊಳೆಯುತ್ತದೆ. ಹೀಗೇಕೆ?

ಬೇರೂ ಉಸಿರಾಡುತ್ತದೆ. ಅದಕ್ಕೆ ಆಮ್ಲಜನಕ ಬೇಕು, ಅದು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಹದವಾದ ಮಣ್ಣಿನಲ್ಲಿ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ತುಂಬಿರುವುದರಿಂದ ಈ ಕೊಡುಕೊಳ್ಳುವಿಕೆ ಸರಾಗವಾಗಿ ನಡೆಯುತ್ತದೆ. ಆ ಸಂದುಗಳಲ್ಲಿ ನೀರು ತುಂಬಿಕೊಂಡಾಗ ಕೆಲಸ ಕೆಡುತ್ತದೆ, ಏಕೆಂದರೆ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಇರುವಷ್ಟು ಆಮ್ಲಜನಕವನ್ನು ಬೇರೂ ಮಣ್ಣಿನ ಸೂಕ್ಷ್ಮಜೀವಿಗಳೂ ಬೇಗನೆ ಮುಗಿಸುತ್ತವೆ. ಹೊಸದು ಬರುವುದಿಲ್ಲ. ಉಸಿರುಗಟ್ಟಿದ ಬೇರಿನ ತುದಿ ಮೊದಲು ಸಾಯುತ್ತದೆ, ಆಮೇಲೆ ಕೊಳೆರೋಗದ ಶಿಲೀಂಧ್ರಗಳು ಆ ಸತ್ತ ಭಾಗದಿಂದ ಒಳಹೊಕ್ಕು ಮೇಲಕ್ಕೆ ಹಬ್ಬುತ್ತವೆ.

ನೈದಿಲೆ ಈ ತೊಡಕನ್ನು ತನ್ನ ದೇಹದೊಳಗೇ ಬಗೆಹರಿಸಿಕೊಂಡಿದೆ. ಹಳದಿಯಾಗಿ ಉದುರಲಿರುವ ಎಲೆಯೊಂದನ್ನು ತೊಟ್ಟಿನ ಸಮೇತ ಕಿತ್ತು, ತೊಟ್ಟನ್ನು ಹರಿತವಾದ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ನೋಡಿ. ಮಧ್ಯದಲ್ಲಿ ಬರಿಗಣ್ಣಿಗೇ ಕಾಣುವ ಕೆಲವು ದೊಡ್ಡ ತೂತುಗಳೂ ಸುತ್ತ ಸೂಜಿಮೊನೆಯಷ್ಟು ಸಣ್ಣ ತೂತುಗಳೂ ಇರುತ್ತವೆ. ನಾನು ಮೊದಲ ಬಾರಿ ಒಂದು ಗೇಣುದ್ದದ ತುಂಡಿನ ಒಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿದಾಗ ಗುಳ್ಳೆಗಳು ಸಾಲುಸಾಲಾಗಿ ಎದ್ದು ಬಂದವು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಸಂಗತಿ ನಿಜವಾಗಿ ಅರ್ಥವಾದದ್ದು ಆ ಹೊತ್ತಿನಲ್ಲಿ. (ತೊಟ್ಟಿಯ ನೀರು ಬಾಯಿಗೆ ತಾಗದಂತೆ ತುಂಡನ್ನು ಚೆನ್ನಾಗಿ ತೊಳೆದುಕೊಂಡು ಈ ಪ್ರಯೋಗವನ್ನು ಮಾಡಬೇಕು.)

ಈ ಕೊಳವೆಗಳಲ್ಲಿ ಗಾಳಿ ಸುಮ್ಮನೆ ನಿಂತಿರುವುದಿಲ್ಲ. ನೈದಿಲೆಯ ಕುಟುಂಬಕ್ಕೇ ಸೇರಿದ, ಹಳದಿ ಹೂ ಬಿಡುವ ನ್ಯೂಫಾರ್ ಎಂಬ ಜಲಸಸ್ಯದಲ್ಲಿ ಗಾಳಿ ಹರಿಯುವ ಬಗೆಯನ್ನು ವಿಜ್ಞಾನಿ ಜಾನ್ ಡೇಸಿ 1980ರಲ್ಲಿ ವಿವರಿಸಿದರು. ಬಿಸಿಲಿಗೆ ಕಾದ ಎಳೆಯ ಎಲೆಗಳ ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ಗಾಳಿಯನ್ನು ತೊಟ್ಟಿನ ಮೂಲಕ ಕೆಸರಿನಲ್ಲಿರುವ ಕಾಂಡಕ್ಕೆ ತಳ್ಳುತ್ತದೆ. ಅಲ್ಲಿಂದ ಅದು ಹಳೆಯ ಎಲೆಗಳ ತೊಟ್ಟುಗಳ ಮೂಲಕ ಮೇಲೇರಿ ಹೊರಹೋಗುತ್ತದೆ. ತೇಲುವ ಎಲೆಯ ಉಸಿರಾಟದ ರಂಧ್ರಗಳು ಮೇಲ್ಮೈಯಲ್ಲಿರುವುದೂ ಇದೇ ವ್ಯವಸ್ಥೆಗೆ ಒಪ್ಪುವಂಥದ್ದು. ಹೆಚ್ಚಿನ ನೆಲದ ಗಿಡಗಳಲ್ಲಿ ಆ ರಂಧ್ರಗಳು ಎಲೆಯ ತಳಭಾಗದಲ್ಲೇ ಹೆಚ್ಚಾಗಿರುತ್ತವೆ.

ಹಾಗಾದರೆ ನೈದಿಲೆಯ ಗೆಡ್ಡೆಯೂ ಕ್ಯಾರೆಟ್ಟಿನಂತೆ ಒಂದು ಬೇರೇ?

ಅಲ್ಲ. ಕೆಸರಿನಲ್ಲಿ ಅಡ್ಡಲಾಗಿ ಹಬ್ಬುವ ನೈದಿಲೆಯ ದಪ್ಪ ಭಾಗವು ಕಾಂಡ. ಅದರ ಮೇಲೆ ಎಲೆ ಉದುರಿದ ಗುರುತುಗಳೂ ಮೊಗ್ಗುಗಳೂ ಇರುತ್ತವೆ, ನಿಜವಾದ ಬೇರುಗಳು ಅದರಿಂದ ದಾರದಂತೆ ಕೆಳಗಿಳಿಯುತ್ತವೆ. ಆದ್ದರಿಂದಲೇ ಮೊಗ್ಗಿರುವ ಒಂದು ತುಂಡನ್ನು ಕತ್ತರಿಸಿ ನೆಟ್ಟರೆ ಹೊಸ ನೈದಿಲೆ ಸಿಗುತ್ತದೆ. ಕ್ಯಾರೆಟ್ ಹಾಗಲ್ಲ, ಅದು ತಾಯಿಬೇರು. ಅದರ ತಲೆಭಾಗವನ್ನು ಕತ್ತರಿಸಿ ನೀರಿನಲ್ಲಿಟ್ಟರೆ ಎಲೆ ಚಿಗುರುತ್ತದೆ, ಆದರೆ ತಿನ್ನುವ ಬೇರು ಮತ್ತೆ ಬೆಳೆಯುವುದಿಲ್ಲ. ತಾವರೆಯನ್ನು ನೈದಿಲೆ ಎಂದು ಭಾವಿಸುವವರೂ ಇದ್ದಾರೆ. ಅವೆರಡೂ ಬೇರೆ ಬೇರೆ ಕುಟುಂಬದವು. ತಾವರೆಯ ಎಲೆ ದುಂಡಗಿದ್ದು ನೀರಿನಿಂದ ಮೇಲಕ್ಕೆ ಎದ್ದು ನಿಲ್ಲುತ್ತದೆ, ನೈದಿಲೆಯ ಎಲೆಯಲ್ಲಿ ತೊಟ್ಟಿನವರೆಗೆ ಒಂದು ಸೀಳು ಇರುತ್ತದೆ.

ಎರಡಕ್ಕೂ ಒಂದೇ ಮಣ್ಣನ್ನು ಬಳಸಬಹುದೇ?

ಬಳಸಬಾರದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕ್ಯಾರೆಟ್ಟಿಗೆ ಸಡಿಲವಾದ, ಕಲ್ಲಿಲ್ಲದ, ಮರಳು ಮಿಶ್ರಿತ ಗೋಡು ಮಣ್ಣು ಬೇಕು. ಕನಿಷ್ಠ 30 ಸೆಂಟಿಮೀಟರ್ ಆಳದವರೆಗೆ ಮಣ್ಣು ಬೆರಳಿಗೆ ಸಲೀಸಾಗಿ ಕುಸಿಯುವಂತಿರಬೇಕು. ಸಡಿಲತೆಯಿಂದ ಎರಡು ಲಾಭಗಳಿವೆ: ಬೇರಿಗೆ ಗಾಳಿ ಸಿಗುತ್ತದೆ, ಇಳಿಯಲು ದಾರಿಯೂ ಸಿಗುತ್ತದೆ. ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, pH) 6.0ರಿಂದ 6.8ರ ನಡುವೆ ಇದ್ದರೆ ಒಳ್ಳೆಯದು. ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಸೇರಿಸಬಹುದು, ಹಸಿ ಗೊಬ್ಬರವನ್ನು ಸೇರಿಸಲೇಬಾರದು.

ಇದೇ ಮಣ್ಣನ್ನು ನೈದಿಲೆಯ ಕುಂಡಕ್ಕೆ ತುಂಬಿ ನೀರಿಗೆ ಇಳಿಸಿದರೆ ಮೊದಲು ಕಾಂಪೋಸ್ಟಿನ ಹಗುರ ಚೂರುಗಳೆಲ್ಲ ತೇಲಿ ಮೇಲೆ ಬರುತ್ತವೆ, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಮುಳುಗಿ ಉಳಿದ ಸಾವಯವ ಭಾಗ ಆಮ್ಲಜನಕವಿಲ್ಲದೆ ಕೊಳೆತು ದುರ್ವಾಸನೆಯ ಅನಿಲವನ್ನು ಬಿಡುತ್ತದೆ, ಅದರ ಪೋಷಕಾಂಶಗಳು ನೀರಿಗೆ ಸೇರಿ ಪಾಚಿಯನ್ನು ಬೆಳೆಸುತ್ತವೆ. ನೈದಿಲೆಗೆ ಬೇಕಾದುದು ಭಾರವಾದ ಜೇಡಿಮಣ್ಣು. ಒದ್ದೆ ಮಾಡಿ ಹಿಡಿದರೆ ಉಂಡೆಯಾಗುವ, ಉಂಡೆಯನ್ನು ಬೆರಳುಗಳ ನಡುವೆ ಒತ್ತಿದರೆ ಪಟ್ಟಿಯಂತೆ ಚಾಚಿಕೊಳ್ಳುವ ಮಣ್ಣು ಸರಿಯಾದದ್ದು. ಜೇಡಿಯ ಸೂಕ್ಷ್ಮ ಕಣಗಳು ಪೋಷಕಾಂಶಗಳನ್ನು ಹಿಡಿದಿಟ್ಟುಕೊಂಡು ನೀರಿಗೆ ಸೋರಲು ಬಿಡುವುದಿಲ್ಲ. ಕ್ಯಾರೆಟ್ಟಿಗೆ ಉರುಳಾಗುವ ಮಣ್ಣಿನ ಬಿಗಿತವೇ ನೈದಿಲೆಗೆ ಆಸರೆ, ಏಕೆಂದರೆ ಅದಕ್ಕೆ ಮಣ್ಣಿನ ಗಾಳಿಯ ಹಂಗಿಲ್ಲ.

ಕುಂಡದ ಆಕಾರ ಮುಖ್ಯವೇ?

ಹೌದು, ಎರಡಕ್ಕೂ ಮುಖ್ಯ, ಆದರೆ ಬೇಕಾದುದು ಪರಸ್ಪರ ವಿರುದ್ಧ. ನೈದಿಲೆಗೆ ಅಗಲವಾದ, ಆಳ ಕಡಿಮೆ ಇರುವ ಬೋಗುಣಿಯಂಥ ಕುಂಡ ಬೇಕು, ಏಕೆಂದರೆ ಅದರ ಕಾಂಡ ಅಡ್ಡಲಾಗಿ ಚಲಿಸುತ್ತದೆ. ಕ್ಯಾರೆಟ್ಟಿಗೆ ಅಗಲಕ್ಕಿಂತ ಆಳ ಹೆಚ್ಚು ಬೇಕು ಮತ್ತು ತಳದಲ್ಲಿ ನೀರು ಬಸಿಯುವ ತೂತುಗಳು ಇರಲೇಬೇಕು. ಆಳದ ಕುಂಡ ಸಿಗದಿದ್ದರೆ ಗಿಡ್ಡ ತಳಿಯ ದುಂಡು ಕ್ಯಾರೆಟ್ಟನ್ನೋ ದುಂಡು ಮೂಲಂಗಿಯನ್ನೋ ಬಿತ್ತುವುದು ಜಾಣತನ.

ಎಷ್ಟು ನೀರು ಬೇಕು?

ನೈದಿಲೆಯ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಆಳ. ಕುಂಡದ ಮಣ್ಣಿನ ಮೇಲ್ಮೈಯಿಂದ ನೀರಿನ ಮಟ್ಟದವರೆಗೆ ಅಳೆದಾಗ ಸಣ್ಣ ತಳಿಗಳಿಗೆ 15ರಿಂದ 30 ಸೆಂಟಿಮೀಟರ್, ಮಧ್ಯಮ ತಳಿಗಳಿಗೆ 30ರಿಂದ 60 ಸೆಂಟಿಮೀಟರ್ ಸಾಕು. ದೊಡ್ಡ ತಳಿಗಳು ಇನ್ನೂ ಆಳದಲ್ಲಿ ಬೆಳೆಯಬಲ್ಲವು. ಹೊಸದಾಗಿ ನೆಟ್ಟ ಗಿಡವನ್ನು ಒಮ್ಮೆಗೇ ಆಳಕ್ಕೆ ಇಳಿಸಬಾರದು. ಮೊದಲು ಇಟ್ಟಿಗೆಗಳ ಮೇಲೆ ಕುಂಡವನ್ನು ಎತ್ತರದಲ್ಲಿರಿಸಿ, ಎಲೆಗಳು ಮೇಲ್ಮೈ ತಲುಪಿದಂತೆಲ್ಲ ಒಂದೊಂದೇ ಇಟ್ಟಿಗೆಯನ್ನು ತೆಗೆಯುತ್ತ ಹೋದರೆ ತೊಟ್ಟುಗಳು ಉದ್ದವಾಗಿ ಬೆಳೆದು ಹೊಂದಿಕೊಳ್ಳುತ್ತವೆ.

ಕ್ಯಾರೆಟ್ಟಿನ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ನೀರಿನ ಸಮತೆ. ಮಳೆಯಿಲ್ಲದಿದ್ದಾಗ ವಾರಕ್ಕೆ ಸುಮಾರು 2.5 ಸೆಂಟಿಮೀಟರ್ ಮಳೆಗೆ ಸಮನಾದ ನೀರು ಸಾಮಾನ್ಯವಾಗಿ ಸಾಕಾಗುತ್ತದೆ. ಮರಳು ಹೆಚ್ಚಿರುವಲ್ಲಿ ಮತ್ತು ಬಿಸಿಲು ಬಿರುಸಾಗಿರುವಲ್ಲಿ ಹೆಚ್ಚು ಬೇಕಾಗುತ್ತದೆ. ಒಣಗಲು ಬಿಟ್ಟು ಆಮೇಲೆ ಒಮ್ಮೆಗೇ ಧಾರಾಳವಾಗಿ ಹಾಯಿಸಿದರೆ, ಒಳಭಾಗ ಹಿಗ್ಗುವ ವೇಗಕ್ಕೆ ಹೊರಪದರ ಹಿಗ್ಗಲಾರದೆ ಬೇರು ಉದ್ದಕ್ಕೂ ಸೀಳುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುವುದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ.

ತೊಟ್ಟಿಯಲ್ಲಿ ಕಾರಂಜಿ ಇಟ್ಟರೆ ನೈದಿಲೆಗೆ ಗಾಳಿ ಹೆಚ್ಚು ಸಿಗುವುದಿಲ್ಲವೇ?

ಮೀನುಗಳಿಗೆ ಅದರಿಂದ ಉಪಕಾರವಿದೆ, ನೈದಿಲೆಗಿಲ್ಲ. ಅದು ಗಾಳಿಯನ್ನು ಎಲೆಯ ಮೇಲ್ಮೈಯಿಂದ ಪಡೆಯುವುದರಿಂದ, ಸದಾ ನೀರು ಎರಚಿ ಎಲೆ ತೋಯುತ್ತಿದ್ದರೆ ಅಡ್ಡಿಯೇ ಆಗುತ್ತದೆ. ಕಾರಂಜಿ ಬೇಕೇ ಬೇಕೆಂದಿದ್ದರೆ ಹನಿ ತಾಗದಷ್ಟು ದೂರದಲ್ಲಿರಲಿ.

ಬಿಸಿಲು ಎಷ್ಟು ಬೇಕು?

ಎರಡಕ್ಕೂ ದಿನಕ್ಕೆ ಕನಿಷ್ಠ 6 ಗಂಟೆಯ ನೇರ ಬಿಸಿಲು ಬೇಕು. ನೆರಳು ಹೆಚ್ಚಾದರೆ ನೈದಿಲೆ ಎಲೆಗಳನ್ನಷ್ಟೇ ಬಿಡುತ್ತ ಹೂವನ್ನು ನಿಲ್ಲಿಸುತ್ತದೆ, ಕ್ಯಾರೆಟ್ ಸೊಪ್ಪನ್ನು ಬೆಳೆಸಿ ಬೇರನ್ನು ಸಪೂರವಾಗಿ ಬಿಡುತ್ತದೆ. ಆದರೆ ಕ್ಯಾರೆಟ್ಟಿನ ಭುಜಕ್ಕೆ ಬಿಸಿಲು ತಾಗಬಾರದು. ಮಣ್ಣಿನಿಂದ ಹೊರಗೆ ಇಣುಕಿದ ಭಾಗ ಹಸಿರಾಗಿ ಕಹಿಯಾಗುತ್ತದೆ, ಆದ್ದರಿಂದ ಆಗಾಗ ಬುಡಕ್ಕೆ ಮಣ್ಣು ಏರಿಸಬೇಕು.

ನೆಡುವ ಕ್ರಮದಲ್ಲಿ ಯಾವುದಕ್ಕೆ ಹೆಚ್ಚು ಎಚ್ಚರ ಬೇಕು?

ಕ್ಯಾರೆಟ್ಟಿಗೆ. ಅದರ ಬೀಜ ಸಣ್ಣದು, ಅರ್ಧದಿಂದ ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಬಿತ್ತಬಾರದು, ಮೊಳೆಯಲು ಒಂದರಿಂದ ಮೂರು ವಾರ ಬೇಕು, ಅಷ್ಟೂ ದಿನ ಮೇಲ್ಮಣ್ಣು ಒಣಗಬಾರದು. ಮೇಲ್ಮಣ್ಣು ಒಣಗಿ ಹೆಪ್ಪುಗಟ್ಟಿದರೆ ಎಳೆ ಮೊಳಕೆಗೆ ಅದನ್ನು ಭೇದಿಸಿ ಬರುವ ಶಕ್ತಿ ಇರುವುದಿಲ್ಲ. ಬಿತ್ತಿದ ಸಾಲಿನ ಮೇಲೆ ಗೋಣಿತಾಟು ಹೊದಿಸಿ, ಮೊದಲ ಮೊಳಕೆ ಕಂಡ ದಿನವೇ ತೆಗೆದುಬಿಡುವ ಪದ್ಧತಿ ಚೆನ್ನಾಗಿ ಫಲಿಸುತ್ತದೆ. ಒಂದು ದಿನ ತಡವಾದರೂ ಸಸಿಗಳು ಬೆಳಕಿಲ್ಲದೆ ಬಿಳಿಚಿಕೊಂಡು ಉದ್ದವಾಗುತ್ತವೆ. ಬೇರೆಡೆ ಸಸಿ ಮಾಡಿ ನಾಟಿ ಮಾಡುವಂತಿಲ್ಲ, ಏಕೆಂದರೆ ಕಿತ್ತಾಗ ತಾಯಿಬೇರಿನ ತುದಿ ಮುರಿಯುತ್ತದೆ. ಸಸಿಗಳು ಎರಡು ಅಂಗುಲ ಎತ್ತರವಾದಾಗ ನಡುನಡುವಿನವನ್ನು ತೆಗೆದು 4ರಿಂದ 5 ಸೆಂಟಿಮೀಟರ್ ಅಂತರ ಉಳಿಸಬೇಕು. ಚೆನ್ನಾಗಿ ಬೆಳೆಯುತ್ತಿರುವ ಸಸಿಗಳನ್ನು ಕೀಳಲು ಕೈ ಬರುವುದಿಲ್ಲ ಎಂಬುದು ನನಗೂ ಗೊತ್ತು, ಆದರೆ ಒತ್ತಾಗಿ ಬಿಟ್ಟರೆ ಯಾವುದೂ ದಪ್ಪವಾಗುವುದಿಲ್ಲ. ಬೀಟ್‌ರೂಟ್‌ನಲ್ಲಿ ನಾವು ಒಂದು ಬೀಜ ಎಂದು ಬಿತ್ತುವುದು ಸಾಮಾನ್ಯವಾಗಿ ಹಲವು ಬೀಜಗಳ ಗೊಂಚಲು, ಹಾಗಾಗಿ ಅಲ್ಲಿಯೂ ಈ ಕೆಲಸ ತಪ್ಪುವುದಿಲ್ಲ.

ನೈದಿಲೆಯ ನಾಟಿ ಇದಕ್ಕಿಂತ ಸುಲಭ. ಚಳಿ ತಡೆಯುವ ತಳಿಯಾದರೆ ಕಾಂಡದ ತುಂಡಿನ ಹಿಂಭಾಗವನ್ನು ಕುಂಡದ ಅಂಚಿಗೆ ತಾಗಿಸಿ, ಬೆಳೆಯುವ ತುದಿ ಕುಂಡದ ನಡುವಿನತ್ತ ಮುಖ ಮಾಡಿ ಸುಮಾರು 45 ಡಿಗ್ರಿ ಓರೆಯಲ್ಲಿ ಮೇಲಕ್ಕೆ ಇರುವಂತೆ ನೆಡಬೇಕು. ಉಷ್ಣವಲಯದ ತಳಿಯನ್ನು ಕುಂಡದ ನಟ್ಟನಡುವೆ ನೇರವಾಗಿ ನೆಡಬೇಕು. ಯಾವುದೇ ತಳಿಯಾದರೂ ಬೆಳೆಯುವ ತುದಿ ಮಣ್ಣಿನಲ್ಲಿ ಹೂತುಹೋಗಬಾರದು. ಮೇಲೆ ಒಂದು ಪದರ ಸಣ್ಣ ಜಲ್ಲಿ ಹರಡಿದರೆ ಮಣ್ಣು ಕದಡುವುದಿಲ್ಲ, ಮೀನುಗಳೂ ಕೆದಕಲಾರವು. ಕುಂಡವನ್ನು ನೀರಿಗೆ ನಿಧಾನವಾಗಿ, ತುಸು ಓರೆಯಾಗಿ ಇಳಿಸಿ. ಒಳಗಿನ ಗಾಳಿ ಗುಳ್ಳೆಗಳಾಗಿ ಹೊರಬರಲಿ.

ಗೊಬ್ಬರ ಯಾವುದು, ಎಷ್ಟು?

ನೈದಿಲೆ ಹೊಟ್ಟೆಬಾಕ ಗಿಡ. ಬೆಳವಣಿಗೆಯ ಕಾಲದಲ್ಲಿ 3ರಿಂದ 4 ವಾರಕ್ಕೊಮ್ಮೆ ಗೊಬ್ಬರದ ಗುಳಿಗೆಯನ್ನು ಬೆರಳಿನಿಂದ ಮಣ್ಣಿನ ಆಳಕ್ಕೆ ಒತ್ತಿ, ತೂತನ್ನು ಜೇಡಿಯಿಂದ ಮುಚ್ಚಬೇಕು. ನೀರಿಗೆ ಗೊಬ್ಬರ ಹಾಕುವುದೆಂದರೆ ಪಾಚಿಯನ್ನು ಸಾಕುವುದು. ಹೊಸ ಎಲೆಗಳು ಚಿಕ್ಕದಾಗುತ್ತ, ಹಳದಿಯಾಗುತ್ತ, ಹೂ ಕಡಿಮೆಯಾಗುತ್ತ ಬಂದರೆ ಗಿಡ ಹಸಿದಿದೆ ಎಂದು ತಿಳಿಯಬಹುದು.

ಕ್ಯಾರೆಟ್ಟಿಗೆ ಕೈ ಬಿಗಿಹಿಡಿಯಬೇಕು. ಸಾರಜನಕ ಹೆಚ್ಚಾದರೆ ಸೊಪ್ಪು ಹುಲುಸಾಗಿ, ಬೇರು ಕವಲೊಡೆದು ಕೂದಲುಬೇರುಗಳಿಂದ ತುಂಬುತ್ತದೆ. ರಂಜಕ ಮತ್ತು ಪೊಟ್ಯಾಷ್ ಸಾಕಷ್ಟಿರಲಿ. ಕಳೆದ ಬೆಳೆಗೆ ಗೊಬ್ಬರ ತಿಂದ ಮಡಿಯಲ್ಲಿ, ಹೊಸದಾಗಿ ಏನನ್ನೂ ಹಾಕದೆ ಕ್ಯಾರೆಟ್ ಬಿತ್ತುವುದು ನಾನು ಮೆಚ್ಚುವ ಕ್ರಮ. ಬೀಟ್‌ರೂಟ್‌ಗೆ ಬೋರಾನ್ ಕೊರತೆಯಾದರೆ ಒಳಗೆ ಕಪ್ಪು ಕಲೆಗಳಾಗುತ್ತವೆ ಎಂಬುದನ್ನು ಮಾತ್ರ ನೆನಪಿಡಬೇಕು.

ನನ್ನ ಕ್ಯಾರೆಟ್ಟುಗಳು ಕಾಲು ಮೂಡಿದಂತೆ ಕವಲೊಡೆಯುತ್ತವೆ. ಎಲ್ಲಿ ತಪ್ಪಾಗಿದೆ?

ತಪ್ಪು ನಡೆದದ್ದು ನೀವು ಕಿತ್ತ ದಿನಕ್ಕಿಂತ ಬಹಳ ಮೊದಲು. ಮೊಳೆತ ಮೊದಲ ಕೆಲವು ವಾರಗಳಲ್ಲಿ ತಾಯಿಬೇರು ನೂಲಿನಂತೆ ನೇರವಾಗಿ ಆಳಕ್ಕೆ ಇಳಿಯುತ್ತದೆ, ದಪ್ಪವಾಗುವುದು ಆಮೇಲೆ. ಆ ಮೊದಲ ಇಳಿತದಲ್ಲಿ ತುದಿಗೆ ಕಲ್ಲೋ ಗಟ್ಟಿ ಪದರವೋ ಹಸಿ ಗೊಬ್ಬರದ ಉಂಡೆಯೋ ತಾಗಿ ಪೆಟ್ಟಾದರೆ ಪಕ್ಕದ ಬೇರುಗಳು ಅದರ ಸ್ಥಾನಕ್ಕೆ ಬಂದು ಎಲ್ಲವೂ ದಪ್ಪವಾಗುತ್ತವೆ. ಒಮ್ಮೆ ನನ್ನ ಮಡಿಯಲ್ಲಿ ಕಿತ್ತ ಕ್ಯಾರೆಟ್ಟೊಂದರ ಎರಡು ಕವಲುಗಳ ನಡುವೆ ಕಡಲೆಕಾಳಿನಷ್ಟು ದೊಡ್ಡ ಹರಳು ಇಕ್ಕಳದಲ್ಲಿ ಹಿಡಿದಂತೆ ಸಿಕ್ಕಿಕೊಂಡಿತ್ತು. ಅಷ್ಟು ಸಣ್ಣ ಹರಳು ಸಾಕು ಎಂಬುದು ತಿಳಿದ ಮೇಲೆ ಬಿತ್ತುವ ಮಣ್ಣನ್ನು ಜರಡಿ ಹಿಡಿಯುವುದನ್ನು ನಾನು ತಪ್ಪಿಸಿಲ್ಲ. ಕವಲಿನ ಜೊತೆಗೆ ಬೇರಿನ ಮೇಲೆ ಸಣ್ಣ ಗಂಟುಗಳೂ ಕಂಡರೆ ಅದು ಬೇರುಗಂಟು ಜಂತುಹುಳುವಿನ ಬಾಧೆ. ಆ ಮಡಿಯಲ್ಲಿ ಬೆಳೆ ಬದಲಾಯಿಸಬೇಕು.

ಹವೆ ಹೇಗಿರಬೇಕು?

ಕ್ಯಾರೆಟ್ ತಂಪನ್ನು ಬಯಸುತ್ತದೆ. 16ರಿಂದ 21 ಡಿಗ್ರಿ ಸೆಲ್ಸಿಯಸ್ ನಡುವೆ ಬೇರಿನ ಬಣ್ಣ ಮತ್ತು ರುಚಿ ಚೆನ್ನಾಗಿ ಬರುತ್ತವೆ. ಮಣ್ಣು 35 ಡಿಗ್ರಿ ದಾಟಿದರೆ ಬೀಜ ಮೊಳೆಯುವುದೇ ಕಷ್ಟ. ನೈದಿಲೆಗಳಲ್ಲಿ ಎರಡು ಬಣಗಳಿವೆ. ಉಷ್ಣವಲಯದವು ನೀರು 21 ಡಿಗ್ರಿಗಿಂತ ಬೆಚ್ಚಗಾದ ಮೇಲೆಯೇ ಚುರುಕಾಗುತ್ತವೆ, ರಾತ್ರಿ ಅರಳುವ ತಳಿಗಳು ಇರುವುದು ಇವುಗಳಲ್ಲಿಯೇ. ಚಳಿ ತಡೆಯುವ ತಳಿಗಳು ನೀರಿನ ಮೇಲೆ ಮಂಜುಗಡ್ಡೆ ಕಟ್ಟಿದರೂ ಬದುಕುತ್ತವೆ, ಕಾಂಡ ಮಾತ್ರ ಹೆಪ್ಪುಗಟ್ಟದಷ್ಟು ಆಳದಲ್ಲಿರಬೇಕು. ಬಿಳಿ ಬಣ್ಣಕ್ಕೇ ಹೆಚ್ಚಾಗಿ ಸೀಮಿತವಾಗಿದ್ದ ಈ ಚಳಿ ತಳಿಗಳಿಗೆ ಹಳದಿ, ಗುಲಾಬಿ, ಕೆಂಪು ಬಣ್ಣಗಳನ್ನು ತಂದುಕೊಟ್ಟವರು ಫ್ರಾನ್ಸಿನ ಜೋಸೆಫ್ ಲಾಟೂರ್-ಮಾರ್ಲಿಯಾಕ್. ಅವರ ಮಿಶ್ರತಳಿಗಳು 1889ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಎಲ್ಲರ ಗಮನ ಸೆಳೆದವು. ಅವರಿಂದ ಗಿಡಗಳನ್ನು ಕೊಂಡವರಲ್ಲಿ ಚಿತ್ರಕಾರ ಕ್ಲೋದ್ ಮೊನೆ ಕೂಡ ಒಬ್ಬರು.

ಕ್ಯಾರೆಟ್ ಹೂ ಬಿಟ್ಟಿದೆ. ಸಂತೋಷಪಡಬೇಕೇ?

ಬೀಜಕ್ಕಾಗಿ ಬೆಳೆದಿದ್ದರೆ ಸಂತೋಷಪಡಬಹುದು, ಬೇರಿಗಾಗಿ ಬೆಳೆದಿದ್ದರೆ ಅದು ನಷ್ಟ. ಕ್ಯಾರೆಟ್ ಎರಡು ವರ್ಷದ ಗಿಡ. ಮೊದಲ ವರ್ಷ ಬೇರಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಎರಡನೆಯ ವರ್ಷ ಹೂವಿಗೆ ಖರ್ಚು ಮಾಡುತ್ತದೆ. ತಕ್ಕಮಟ್ಟಿಗೆ ಬೆಳೆದ ಗಿಡಕ್ಕೆ ಹಲವು ವಾರ 10 ಡಿಗ್ರಿಗಿಂತ ಕೆಳಗಿನ ಚಳಿ ತಾಗಿದರೆ ಈ ಖರ್ಚು ಬೇಗನೆ ಶುರುವಾಗಿ ಬೇರು ನಾರುಗಟ್ಟುತ್ತದೆ. ನೈದಿಲೆಯಲ್ಲಿ ಹೂವೇ ಗುರಿ. ಒಂದು ಹೂವು 3ರಿಂದ 4 ದಿನ ತೆರೆದು ಮುಚ್ಚಿ, ಆಮೇಲೆ ನೀರಿನೊಳಗೆ ಮುಳುಗುತ್ತದೆ. ಮುಳುಗಿದ ಹೂವನ್ನು ತೊಟ್ಟಿನ ಬುಡದಲ್ಲಿ ಕತ್ತರಿಸಿ ತೆಗೆದರೆ ನೀರು ಸ್ವಚ್ಛವಾಗಿರುತ್ತದೆ.

ನೈದಿಲೆಯ ತೊಟ್ಟಿಯ ನೀರನ್ನು ಕ್ಯಾರೆಟ್ ಮಡಿಗೆ ಹಾಯಿಸಬಹುದೇ?

ಮೀನುಗಳಿರುವ ತೊಟ್ಟಿಯ ನೀರಿನಲ್ಲಿ ತೆಳುವಾದ ಪೋಷಕಾಂಶಗಳಿರುತ್ತವೆ, ಎಳೆಯ ಬೆಳೆಗೆ ಅದು ಹಿತ. ಆದರೆ ಪಾಚಿನಾಶಕವನ್ನೋ ಮೀನಿನ ಔಷಧವನ್ನೋ ಉಪ್ಪನ್ನೋ ಹಾಕಿದ ನೀರನ್ನು ಹಾಯಿಸಬಾರದು. ಹಸಿಯಾಗಿ ತಿನ್ನುವ ಬೇರಾದ್ದರಿಂದ ಕೊಯ್ಲು ಹತ್ತಿರವಾದಾಗಲೂ ಬೇಡ.

ಕೀಟಬಾಧೆಯಲ್ಲಿ ಏನು ವ್ಯತ್ಯಾಸ?

ನೈದಿಲೆಯ ಎಲೆಯ ಮೇಲೆ ಕಪ್ಪು ಹೇನುಗಳು ಗುಂಪಾಗಿ ಕೂರುತ್ತವೆ. ಪ್ಲಮ್ ಜಾತಿಯ ಮರಗಳಲ್ಲಿ ಚಳಿಗಾಲ ಕಳೆದು ಬರುವ ಹೇನು ಇದು. ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆದುಬಿಟ್ಟರೆ ಮೀನುಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಮೀನುಗಳಿದ್ದರೆ ಸೊಳ್ಳೆಯ ಮರಿಗಳ ಕಾಟವೂ ತಗ್ಗುತ್ತದೆ. ತೊಟ್ಟಿಗೆ ಕೀಟನಾಶಕ ಸಿಂಪಡಿಸಬೇಡಿ. ಕ್ಯಾರೆಟ್ ನೊಣ ಇರುವ ಪ್ರದೇಶಗಳಲ್ಲಿ ಬಿತ್ತಿದ ದಿನದಿಂದಲೇ ಸೂಕ್ಷ್ಮ ಬಲೆ ಹೊದಿಸುವುದು ನಂಬಬಹುದಾದ ಉಪಾಯ. ಸಸಿ ಕೀಳುವಾಗ ಹೊಮ್ಮುವ ವಾಸನೆಗೆ ಆ ನೊಣ ಬರುತ್ತದೆ, ಆದ್ದರಿಂದ ಕಿತ್ತ ಸಸಿಗಳನ್ನು ಸಾಲಿನಲ್ಲೇ ಬಿಡಬಾರದು.

ನೀರಿನಲ್ಲಿಯೇ ಬೆಳೆಯುವ ಗೆಡ್ಡೆ ತರಕಾರಿ ಯಾವುದಾದರೂ ಇದೆಯೇ?

ಕೆಸುವಿನ ಗೆಡ್ಡೆ ಇದೆ. ಅದರ ಎಲೆತೊಟ್ಟಿನಲ್ಲೂ ಗಾಳಿಯ ಜಾಗಗಳಿರುವುದರಿಂದ ನೀರು ನಿಂತ ಗದ್ದೆಯಲ್ಲಿ ಬೆಳೆಯಬಲ್ಲದು. ಆದರೂ ನಿಂತು ಬಿಸಿಯಾದ ನೀರಿಗಿಂತ ತಂಪಾಗಿ ಹರಿಯುವ ನೀರಿನಲ್ಲಿ ಅದರ ಗೆಡ್ಡೆ ಕೊಳೆಯದೆ ಉಳಿಯುತ್ತದೆ, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ.

ಯಾವಾಗ ಮಣ್ಣಿನಿಂದ ಹೊರತೆಗೆಯಬೇಕು?

ಕ್ಯಾರೆಟ್ಟನ್ನು ತಳಿಗೆ ಅನುಗುಣವಾಗಿ ಬಿತ್ತಿದ 70ರಿಂದ 100 ದಿನಗಳಲ್ಲಿ, ದುಂಡು ಮೂಲಂಗಿಯನ್ನು 25ರಿಂದ 30 ದಿನಗಳಲ್ಲಿ ಕೀಳಬಹುದು. ಹಿಂದಿನ ದಿನ ನೀರು ಹಾಯಿಸಿದ್ದರೆ ಬೇರು ಮುರಿಯದೆ ಬರುತ್ತದೆ. ಕಿತ್ತ ಕೂಡಲೇ ಸೊಪ್ಪನ್ನು ತಿರುಚಿ ತೆಗೆಯಿರಿ, ಇಲ್ಲದಿದ್ದರೆ ಎಲೆಗಳು ಬೇರಿನ ತೇವವನ್ನು ಹೀರಿ ಅದನ್ನು ಬಾಡಿಸುತ್ತವೆ. ನೈದಿಲೆಯನ್ನು 2ರಿಂದ 3 ವರ್ಷಕ್ಕೊಮ್ಮೆ, ಎಲೆಗಳು ಒಂದರ ಮೇಲೊಂದು ಏರಿ ನೀರಿನಿಂದ ಮೇಲೇಳತೊಡಗಿದಾಗ ಎತ್ತಬೇಕು. ಕುಂಡ ನೆನೆದು ಬಹಳ ಭಾರವಾಗಿರುತ್ತದೆ, ಇಬ್ಬರು ಹಿಡಿಯುವುದು ಒಳ್ಳೆಯದು. ಹಳೆಯ ಕಾಂಡವನ್ನು ಬಿಟ್ಟು, ಬೆಳೆಯುವ ತುದಿಯಿರುವ ಗೇಣುದ್ದದ ತುಂಡನ್ನು ಹೊಸ ಜೇಡಿಮಣ್ಣಿನಲ್ಲಿ ನೆಡಿ. ಹಳೆಯ ಜೇಡಿಯನ್ನು ಕ್ಯಾರೆಟ್ ಮಡಿಗೆ ಸುರಿಯಬೇಡಿ. ಒಣಗಿಸಿ, ಪುಡಿ ಮಾಡಿ, ಕಾಂಪೋಸ್ಟ್ ರಾಶಿಗೆ ತೆಳುವಾಗಿ ಬೆರೆಸಿದರೆ ಮುಂದೆ ಬೇರೆ ಬೆಳೆಗೆ ಒದಗುತ್ತದೆ.